ಶುಲ್ಕವಿಲ್ಲದ ಪಾಲುದಾರ

ಚಟ್ನಿಪುಡಿ ವ್ಯಾಪಾರ ಮುಳುಗಿದರೂ ಮನೆ ಉಳಿಯಬೇಕೆಂದರೆ ಸೀಮಿತ ಹೊಣೆಯ ಕಂಪನಿಯೇ ಆಗಬೇಕು. ಅದಕ್ಕೆ ಇಬ್ಬರು ಪಾಲುದಾರರು ಬೇಕು. ಬದುಕಿರುವವರನ್ನು ಸೇರಿಸಲು ಶುಲ್ಕ ಕಟ್ಟಬೇಕು, ಸತ್ತವರಿಗೆ ಮಾಫಿ. ಹಾಗಾಗಿ ಸರ್ವಮಂಗಳಮ್ಮ ತೀರಿಹೋದ ಗಂಡನನ್ನೇ ಸೇರಿಸಲು ನೋಂದಣಿ ಕಚೇರಿಗೆ ಬಂದಿದ್ದರು.

“ಈ ಮೈಕಿನಲ್ಲಿ ಹೆಸರು ಹಿಡಿದು ಕರೀರಿ ಅಮ್ಮ. ಅವರು ಓಗೊಟ್ಟರೆ ಒಪ್ಪಿಗೆ ಸಿಕ್ಕ ಹಾಗೆ. ಮೂರೇ ಸಲ ಕರೀಬಹುದು,” ಎಂದಳು ಗುಮಾಸ್ತೆ.

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರು. ತಲೆ ತಗ್ಗಿಸಿ, “ಚಂದ್ರಮೌಳಿ” ಎಂದರು. ಉತ್ತರವಿಲ್ಲ. ಮತ್ತೊಮ್ಮೆ ಕರೆದರು. ಅದೇ ಮೌನ.

“ಇನ್ನೊಂದೇ ಸಲ ಅಮ್ಮ.”

ಸರ್ವಮಂಗಳಮ್ಮನಿಗೆ ಅಳು ಒತ್ತರಿಸಿ ಬಂತು. “ರೀ, ನೀವೂ ಕೈಬಿಟ್ಟರೆ ಹೇಗೆ?” ಎಂದುಬಿಟ್ಟರು.

“ಇಲ್ಲೇ ಇದ್ದೀನಲ್ಲೇ ಮಂಗಳಾ,” ಎಂದಿತು ಗಂಡನ ದನಿ. “ಯಾರೋ ಹೆಂಗಸು ಹೆಸರು ಹಿಡಿದು ಕರೀತಿದ್ಲು. ನೀನಲ್ಲ ಅಂತ ಸುಮ್ಮನಿದ್ದೆ.”