ಮೊದಲ ಅಂಕಿ

"ಇವತ್ತು ಆ ಒಂದನ್ನ ಎರಡು ಮಾಡೇ ಬಿಡೋಣ, ಗ್ರಿಸೆಲ್," ಎಂದು ನಾವೆಲ್, ಚಹಾದಂತೆ ಕುಡಿಯುವ ಎರ್ಬಾ ಎಲೆ ತುಂಬಿದ ಸೋರೆ ಬುರುಡೆಗೆ ಬಿಸಿನೀರು ಸುರಿಯುತ್ತ ಪಟ್ಟು ಹಿಡಿದ. "ಬೇರೆಯವರ ಟೂಲ್‌ಗಳೆಲ್ಲ ವರ್ಷನ್ ಐದು, ಆರು ಅಂತ ಓಡ್ತಿವೆ. ನಮ್ದು ಇನ್ನೂ ಒಂದು ಪಾಯಿಂಟ್ ನಲವತ್ತೇಳು. ಜನ ನಗ್ತಾರೆ."

ರೊಸಾರಿಯೊ ನಗರದ ಆ ಪುಟ್ಟ ಕಚೇರಿಯಲ್ಲಿದ್ದವರು ಅವರಿಬ್ಬರೇ. ಪ್ರೋಗ್ರಾಂ ಬರೆಯುವವರು ತಮ್ಮ ಫೈಲುಗಳನ್ನು ಜೋಡಿಸಿಕೊಳ್ಳುವ ಟೂಲ್ ಒಂದನ್ನು ನೋಡಿಕೊಳ್ಳುವುದು ಅವರ ಕೆಲಸ. ಈ ಕಸುಬಿನಲ್ಲೊಂದು ಕಟ್ಟಳೆಯಿದೆ: ಹಳೆಯ ಬಳಕೆದಾರರ ಕೆಲಸ ಕೆಡುವಂಥ ಬದಲಾವಣೆ ಮಾಡಿದರೆ ಮಾತ್ರ ಆವೃತ್ತಿ ಸಂಖ್ಯೆಯ ಮೊದಲ ಅಂಕಿ ಬದಲಾಗಬೇಕು. ಗ್ರಿಸೆಲ್ ಕೆಡಿಸಲು ಒಲ್ಲಳು. ಏನೇ ಹೊಸತು ಸೇರಿಸಿದರೂ ಮೊದಲ ಆವೃತ್ತಿಯ ಕಮಾಂಡ್‌ಗಳನ್ನೆಲ್ಲ ಅದರೊಳಗೆ ಜತನದಿಂದ ಉಳಿಸಿದ್ದಳು. ಅದಕ್ಕಾಗಿ ಎಷ್ಟೋ ಭಾನುವಾರಗಳನ್ನು ಕಳೆದುಕೊಂಡಿದ್ದಳು.

"ಆ ಹಳೇ ಕಮಾಂಡ್‌ಗಳನ್ನ ಈಗ ಯಾರು ಬಳಸ್ತಾರೆ, ಹೇಳು ನೋಡೋಣ?"

"ಲಿಸಾಂದ್ರೊ."

"ಅಂತೂ ಹೆಸರು ಬಾಯಿಂದ ಬಿತ್ತು!" ನಾವೆಲ್ ನಕ್ಕ.

ಲಿಸಾಂದ್ರೊ ಅವಳೊಂದಿಗೆ ಮೊದಲ ಆವೃತ್ತಿ ಬರೆದವನು, ಅವಳೊಂದಿಗೇ ಮನೆ ಮಾಡಿದ್ದವನು, ಒಂದು ಚಳಿಗಾಲದಲ್ಲಿ ದೂರದ ದಕ್ಷಿಣದ ಬಂದರು ಉಶುವಾಯಕ್ಕೆ ಹೊರಟುಹೋದವನು. ಅಲ್ಲಿನ ದೋಣಿ ಕಂಪನಿಯ ಪ್ರೋಗ್ರಾಂಗಳನ್ನು ಅವನು ಈಗಲೂ ಇದೇ ಟೂಲ್‌ನಲ್ಲಿ ಜೋಡಿಸುತ್ತಾನೆಂದು ಯಾರೋ ಹೇಳಿದ್ದರು. ಈ ಹುಚ್ಚಿ ಗ್ರಿಸೆಲ್‌ಗೆ ಅಷ್ಟು ಸಾಕಾಗಿತ್ತು. ಹೊಸ ಆವೃತ್ತಿ ಬಿಟ್ಟಾಗಲೆಲ್ಲ, ಅವನು ಇಳಿಸಿಕೊಳ್ಳುತ್ತಾನೆ, ಎಲ್ಲವೂ ಹಿಂದಿನಂತೆಯೇ ನಡೆಯುವುದನ್ನು ಕಂಡು ತನ್ನನ್ನು ನೆನೆಯುತ್ತಾನೆ ಎಂದುಕೊಳ್ಳುತ್ತಿದ್ದಳು. ಆಸೆ ಬಿಟ್ಟಿರಲಿಲ್ಲ.

"ಅವನನ್ನೇ ಕೇಳಿಬಿಡು," ಎಂದು ನಾವೆಲ್ ಲಿಸಾಂದ್ರೊನ ನಂಬರ್ ಒತ್ತಿ ಫೋನನ್ನು ಅವಳ ಕೈಗೆ ತುರುಕಿದ.

"ಗ್ರಿಸೆಲ್? ಏನೇ, ಇನ್ನೂ ನನ್ನ ನೆನಪಿದೆಯಾ?" ಲಿಸಾಂದ್ರೊನ ದನಿ ಒಂದಿಷ್ಟೂ ಬದಲಾಗಿರಲಿಲ್ಲ.

"ನಮ್ಮ ಹಳೇ ಕಮಾಂಡ್‌ಗಳನ್ನ ತೆಗೀಬೇಕಂತೆ. ನಿನ್ನ ಕೆಲಸ ಕೆಡುತ್ತೆ ಅಲ್ವಾ?"

"ನಂದಾ? ಇಲ್ವಲ್ಲೇ. ನಾನಿನ್ನೂ ಆ ಮೊದಲನೇ ವರ್ಷನ್ನನ್ನೇ ಇಟ್ಕೊಂಡಿದೀನಿ. ಆಮೇಲಿಂದು ಯಾವುದನ್ನೂ ಇಳಿಸ್ಕೊಂಡೇ ಇಲ್ಲ."

"ಒಂದನ್ನೂ?"

"ಕೆಲಸ ನಡೀತಿತ್ತು, ಸುಮ್ನಿದ್ದೆ. ನನಗೋಸ್ಕರ ಇಟ್ಟಿದ್ಯಾ ಅದನ್ನೆಲ್ಲ? ಒಂದು ಸಲ ಕೇಳಿದ್ರೆ ಹೇಳ್ತಿದ್ದೆ ಕಣೇ."

ಗ್ರಿಸೆಲ್ ಫೋನ್ ಕೆಳಗಿಟ್ಟು, ತೆಗೆದುಬಿಡು ಎಂದು ಸನ್ನೆ ಮಾಡಿದಳು. ನಾವೆಲ್ ಹಳೆಯದನ್ನೆಲ್ಲ ಅಳಿಸಿ, ಮೊದಲ ಅಂಕಿಯನ್ನು ಎರಡು ಮಾಡಿ, ಪರೀಕ್ಷೆ ಓಡಿಸಿದ. ಪರದೆಯ ತುಂಬ ಹಸಿರು ಗೆರೆಗಳು ಮೂಡಿದವು.

"ನೋಡು, ಎಲ್ಲೂ ಏನೂ ಕೆಡಲಿಲ್ಲ!"

"ಅದೇ ಕಣೋ," ಎಂದಳು ಗ್ರಿಸೆಲ್, ಕಣ್ಣೊರೆಸಿಕೊಳ್ಳುತ್ತ. "ಎಲ್ಲೋ ಒಂದು ಕಡೆಯಾದ್ರೂ ಕೆಡಬಾರದಿತ್ತಾ?"