ಮೊರದಲ್ಲಿ ಬರೆದ ಬಂದರು

ಇವತ್ತು ನೀರು ತುಂಬಿಸಿದೆ, ಬಟ್ಟೆ ಒಗೆದೆ, ರಾಗಿಹಿಟ್ಟು ಜರಡಿ ಹಿಡಿದೆ. ಹಿಟ್ಟಿನ ಘಮಕ್ಕೆ ಯಲಹಂಕದ ಹಳೇ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ನೌಕಾಪಡೆಯಲ್ಲಿದ್ದ ಚಿಕ್ಕಪ್ಪನ ರಜೆ ಅಂದಿಗೆ ಮುಗಿದಿತ್ತು. ಮದುವೆಯಾಗಿ ಎರಡು ವರ್ಷವಾದರೂ ಚಿಕ್ಕಮ್ಮ ನಮ್ಮಲ್ಲೇ ಇದ್ದಳು. ಮುದ್ದೆಗೆಂದು ಅವಳು ಮೊರದಲ್ಲಿ ಹರಡಿದ್ದ ಹಿಟ್ಟಿನ ಮೇಲೆ ಚಿಕ್ಕಪ್ಪ ಬೆರಳಿನಿಂದ ವಿಶಾಖಪಟ್ಟಣದ ಬಂದರು ಬರೆದ.

"ಇದು ಸಮುದ್ರಕ್ಕೆ ಅಡ್ಡ ನಿಂತಿರೋ ಗುಡ್ಡ. ಪಕ್ಕದಲ್ಲಿ ಸಣ್ಣ ದಾರಿ, ಒಳಗೆ ನಮ್ಮ ಹಡಗು. ಬಿರುಗಾಳಿ, ಶತ್ರು ಯಾರೂ ಒಳಗೆ ಬರಕ್ಕಾಗಲ್ಲ."

"ಹೆಂಡ್ತೀನೂ ಬರಕ್ಕಾಗಲ್ಲ ಅನ್ನಿ," ಎಂದಳು ಚಿಕ್ಕಮ್ಮ.

"ಕ್ವಾರ್ಟರ್ಸ್ ಸಿಗ್ಲಿ ಕಣೇ, ಮುಂದಿನ ಸಲ ಕರ್ಕೊಂಡ್ ಹೋಗ್ತೀನಿ."

"ಹೋದ್ಸಲಾನೂ ಇಂಗೇ ಅಂದ್ರಿ."

ಅವಳು ಗುಡ್ಡ, ಹಡಗು ಸಮೇತ ಹಿಟ್ಟನ್ನು ಕುದಿಯುವ ನೀರಿಗೆ ಸುರಿದಳು. ಆ ಮುದ್ದೆಯನ್ನೇ ಸೊಪ್ಪಿನ ಸಾರಿನಲ್ಲಿ ಉಂಡು ಚಿಕ್ಕಪ್ಪ ಟ್ರಂಕು ಹೊತ್ತು ಸ್ಟೇಷನ್ನಿಗೆ ನಡೆದ. ಅವತ್ತು ಚಿಕ್ಕಮ್ಮ ದೀಪ ಹಚ್ಚುವ ಮೊದಲೇ ಮಲಗಿಬಿಟ್ಟಳು.