ಡ್ರೈವರ್ ಸರಿಯಿಲ್ಲ

“ಡ್ರೈವರ್ ಸರಿಯಿಲ್ಲ!” ಲೋಗೇಶ್ ಮೇಜು ಗುದ್ದಿದ ರಭಸಕ್ಕೆ ಚಿನ್ನಮನೂರಿನ ಬಸ್ ನಿಲ್ದಾಣವೇ ಅದುರಿತು. ಕೇಳಿಸಿಕೊಂಡವರು ಯಾವ ಲಾರಿ ಮಗುಚಿತೋ ಎಂದು ಓಡಿ ಬಂದರು.

ಮಗುಚಿದ್ದು ಲಾರಿಯಲ್ಲ, ಮರ್ಯಾದೆ. ಕಂಬಂ ಕಣಿವೆಗೇ ಮೊದಲ ಇಂಟರ್ನೆಟ್ ತರುತ್ತೇನೆಂದು ಅವನು ಅಂಗಡಿಗೆ ಹಾಕಿಸಿದ್ದ ಬೋರ್ಡು ಎಷ್ಟು ದೊಡ್ಡದೆಂದರೆ, ಅದರ ನೆರಳಿನಲ್ಲಿ ಟೌನ್ ಬಸ್ಸುಗಳು ನಿದ್ದೆ ಹೊಡೆಯುತ್ತಿದ್ದವು. ಅಮೆರಿಕ ತಂತಿಯ ಆ ತುದಿ ಹಿಡಿದು ತನಗಾಗಿ ಕಾದಿದೆ ಎಂದು ಟೀ ಅಂಗಡಿಗಳಲ್ಲೆಲ್ಲ ಹೇಳಿಕೊಂಡಿದ್ದ. ಊರೆಲ್ಲ ವಿಂಡೋಸ್ ಹಾಕಿಕೊಂಡರೆ ಇವನದು ಲಿನಕ್ಸ್. ಕಂಪ್ಯೂಟರನ್ನು ಫೋನ್ ತಂತಿಗೆ ಸೇರಿಸುವ ಮೋಡೆಮ್ಮನ್ನು ಓಡಿಸಲು ಬೇಕಾದ ಡ್ರೈವರ್ ಎಂಬ ಪ್ರೋಗ್ರಾಮು ಅದಕ್ಕೆ ಸಿದ್ಧವಾಗಿ ಬರುವುದಿಲ್ಲ. ಯಾರೋ ಬರೆದಿಟ್ಟ ಸಾಲುಗಳನ್ನು ತಂದು, ತಾನೇ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿ, ಕಂಪ್ಯೂಟರಿನ ಹೊಟ್ಟೆಗೆ ಇಳಿಸಬೇಕು.

ಇಳಿಸಿದ. ಮೊದಲ ಸಲವೇ ಒಂದು ತಪ್ಪೂ ಇಲ್ಲದೆ ಇಳಿಯಿತು. ಮೋಡೆಮ್ ದಿಂಡುಕ್ಕಲ್ಲಿಗೆ ಡಯಲ್ ಮಾಡಿತು. ಪರದೆಯ ಮೇಲೆ ಬಂದದ್ದು ಮಾತ್ರ ‘ನೋ ಕ್ಯಾರಿಯರ್’. ಸಂಪರ್ಕವಿಲ್ಲ.

ಅಲ್ಲಿಂದ ವಾರವಿಡೀ ಅದೇ. ಅಳಿಸು, ಕಂಪೈಲ್ ಮಾಡು, ಇಳಿಸು, ಡಯಲ್ ಮಾಡು. ಕಂಪ್ಯೂಟರಿನ ಕಾವಿಗೆ ಮೇಲಿಟ್ಟ ಕಾಫಿ ತಾನಾಗಿ ಕುದಿಯುತ್ತಿತ್ತು. ಮೋಡೆಮ್ಮಿನ ಕೂಗಿಗೆ ಗಿರಾಕಿಗಳು ಓಡಿಯಾರೆಂದು ಅದರ ಸ್ಪೀಕರನ್ನು ಮೊದಲ ದಿನವೇ ಬಂದ್ ಮಾಡಿದ್ದ.

ನಂಬರಿನ ಮೇಲೆ ಸಂಶಯವಿರಲಿಲ್ಲ. ಕೊಟ್ಟವರು ದಿಂಡುಕ್ಕಲ್ಲಿನ ಸೋದರಮಾವ ರಂಗಸಾಮಿ, ಒಡ್ಡನ್‌ಛತ್ರಂ ಮಂಡಿಗೆ ಲಾರಿ ಬಿಡುವವರು. ತಮಿಳುನಾಡಿನ ಆ ಕಡೆ ನೆಲೆಸಿದ ನಮ್ಮವರ ಮನೆಗಳಲ್ಲಿ ಮಾತು ಕನ್ನಡ, ಎಣಿಕೆ ತಮಿಳು. ಇಂಟರ್ನೆಟ್ ಕೇಂದ್ರದ ನಂಬರನ್ನು ಅವರು ಫೋನಿನಲ್ಲಿ ಹಾಗೆಯೇ ಹೇಳಿದ್ದರು.

“ಬರ್ಕೊ ಮಾಪ್ಳೆ. ನಾಲು... ರೆಂಡು...” ತುಸು ತಡೆದು, “ಏಳು.” ಎಲ್ಲೋ ಕುರ್ಚಿ ಕಿರುಗುಟ್ಟಿತು. “ಮೂಣು... ಒಣ್ಣು... ಆರು. ಎಲ್ಲಿ, ತಿರ್ಗಿ ಓದು?”

“ನನ್ನ ತಲೆಯೇ ಕಂಪ್ಯೂಟರ್ ಮಾಮಾ!” ಲೋಗೇಶ್ ಫೋನ್ ಇಟ್ಟಿದ್ದ.

ಇಂದು ಆ ಮಾಮನೇ ಬಂದಿದ್ದರು, ಮಗಳು ಸತ್ಯಾಳ ಜೊತೆ. ಅವಳ ಜಡೆಯಲ್ಲಿ ನಿಲಕ್ಕೋಟ್ಟೈ ಮಲ್ಲಿಗೆ, ಅವರ ಕೈಯಲ್ಲಿ ತಾಂಬೂಲದ ತಟ್ಟೆ.

“ಬಾಯಲ್ಲಿ ಮಲೆ ಹೊರ್ತೀಯ. ಒಂದ್ಸಲನಾದ್ರೂ ಅಂದಿದ್ದು ಮಾಡಿ ತೋರ್ಸು,” ಎಂದರು ರಂಗಸಾಮಿ. “ಈ ಪೆಟ್ಟಿಗೆ ಮಾತಾಡ್ಲಿ, ಇಲ್ಲೇ ತಾಂಬೂಲ ಬದಲಾಯ್ಸಿ ಮದ್ವೆ ಗೊತ್ಮಾಡಾಣ.”

ಸತ್ಯಾ ಕುರ್ಚಿಯಲ್ಲಿ ಕುಳಿತು ಅವನನ್ನೇ ನೋಡಿದಳು. ಲೋಗೇಶ್ ಮತ್ತೊಮ್ಮೆ ಕಂಪೈಲ್ ಶುರು ಮಾಡಿದ. ಪರದೆಯ ಮೇಲೆ ಸಾಲುಗಳು ಓಡಿದವು. ಹೊತ್ತು ಹೋಗಲೆಂದು ರಂಗಸಾಮಿ ಊರ ಸುದ್ದಿ ತೆಗೆದರು.

“ನಮ್ಮ ಬೀದಿಲಿ ಹೆಣ್ಮಕ್ಕಳ ಹಾಸ್ಟೆಲ್ ಐತಲ್ಲ, ಯಾವನೋ ಪೋಕಿರಿ ವಾರದಿಂದ ಅಲ್ಲಿಗೆ ಫೋನ್ ಮಾಡ್ತಾನೆ. ಮಾತಿಲ್ಲ ಕತೆಯಿಲ್ಲ, ಬರೀ ಪೀ, ಪೀ ಅಂತ ವಿಸಿಲು! ವಾರ್ಡನ್ ಕಾಮಾಕ್ಷಿಯಮ್ಮಾಳ್ ಅಳ್ತವ್ಳೆ. ಎಕ್ಸ್‌ಚೇಂಜ್‌ನೋರು ಹುಡುಕ್ತಾವ್ರೆ.”

“ಅಂಥೋನಿಗೆ ಮಾನ ಮರ್ಯಾದೆ ಇದೆಯಾ ಮಾಮಾ? ನಡುಬೀದೀಲಿ ನಿಲ್ಲಿಸಬೇಕು!” ಎನ್ನುತ್ತ ಲೋಗೇಶ್ ಡಯಲ್ ಕೀಲಿ ಒತ್ತಿದ.

ನೋ ಕ್ಯಾರಿಯರ್.

“ಡ್ರೈವರ್...” ಎಂದು ಬಾಯಿ ತೆರೆಯುವಷ್ಟರಲ್ಲಿ ಟೆಲಿಫೋನ್ ಲೈನ್‌ಮನ್ ಸೇಕರ್ ಸೈಕಲ್ ಎಸೆದು ಒಳಗೆ ನುಗ್ಗಿದ.

“ಏನಯ್ಯಾ ಲೋಗೇಶ್, ದಿಂಡುಕ್ಕಲ್ ಹಾಸ್ಟೆಲ್‌ಗೆ ವಿಸಿಲ್ ಹೊಡೆಯೋದು ನೀನಾ? ಇವತ್ತು ಬೆಳಗ್ಗೆ ಹೊಡೆದದ್ದೂ ಈ ಲೈನಿಂದಲೇ ಅಂತೆ!”

ಬಾಗಿಲಲ್ಲಿ ನೆರೆದಿದ್ದ ಬಜಾರು ಒಳಗೆ ತಲೆ ತೂರಿಸಿತು. ಲೋಗೇಶನ ಮುಖದಲ್ಲಿ ಬಿಸಿ ಹತ್ತಿ ಕಿವಿಯ ತುದಿಗೆ ಹೋಗಿ ನಿಂತಿತು. ಸತ್ಯಾಳ ಕಡೆ ನೋಡಬಾರದೆಂದುಕೊಂಡ, ನೋಡಿದ. ಅವಳು ನೆಲ ನೋಡುತ್ತಿದ್ದಳು.

“ನಾನಲ್ಲ... ಮೋಡೆಮ್. ಅದು ಆ ಕಡೆಯ ಮೋಡೆಮ್ಮನ್ನ ಕರೆಯೋಕೆ ಪೀ ಅನ್ನುತ್ತೆ...”

“ಮಿಷಿನ್ ವಿಸಿಲ್ ಹೊಡೀತಂತೆ! ಅದೂ ಲೇಡೀಸ್ ಹಾಸ್ಟೆಲ್ಲೇ ನೋಡಿ!” ಎಂದರು ಬಾಗಿಲಲ್ಲಿ ಯಾರೋ. ಆ ನಗು ಕಂಬಂ ದಾಟಿ, ಘಟ್ಟ ಹತ್ತಿ, ಕೇರಳಕ್ಕೆ ಇಳಿದಿರಬೇಕು.

“ಮಾಮ ಕೊಟ್ಟ ನಂಬರೇ!” ಲೋಗೇಶ್ ಕೂಗಿದ. “ನಾಲು, ರೆಂಡು, ಏಳು, ಮೂಣು, ಒಣ್ಣು, ಆರು!”

ಸೇಕರ್ ಹಣೆ ಚಚ್ಚಿಕೊಂಡ. “ದಿಂಡುಕ್ಕಲ್ ನಂಬರು ಐದೇ ಅಂಕಿ. ಆರನೇದನ್ನ ಎಕ್ಸ್‌ಚೇಂಜ್ ಕಿವಿಗೇ ಹಾಕ್ಕೊಳ್ಳಲ್ಲ. ಮೊದಲ ಐದು ಹಾಸ್ಟೆಲ್‌ದು.”

“ನಾ ಕೊಟ್ಟಿದ್ದೂ ಐದೇ,” ರಂಗಸಾಮಿ ಗುಡುಗಿದರು. “ಅದ್ರಲ್ಲಿ ಏಳೇ ಇಲ್ಲ!”

“ಅಂದ್ರಿ ಮಾಮಾ. ಈ ಕಿವೀಲೇ ಕೇಳ್ದೆ.”

“ವಿಸಿಲೂ ಹೊಡ್ದು, ಈಗ ಹುಸಿನೂ ನನ್ನ ತಲೆಗೆ ಕಟ್ತೀಯೇನ್ಡಾ?”

ಲೋಗೇಶ್ ತಲೆ ತಗ್ಗಿಸಿದ. ಕಣಿವೆಯಲ್ಲೇ ದೊಡ್ಡದಾದ ಆ ಬೋರ್ಡು ಈಗ ಬಿದ್ದು ತನ್ನನ್ನು ಮುಚ್ಚಬಾರದೇ ಎನಿಸಿತು. ತಿರುಗಿ ಓದು ಎಂದಾಗ ಒಮ್ಮೆ ಓದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ರಂಗಸಾಮಿ ತಟ್ಟೆಯನ್ನು ಚೀಲಕ್ಕೆ ತುರುಕಿ, ಮಗಳತ್ತ ತಿರುಗಿ ಗದರಿದರು: “ಏಳು!”

ಕುರ್ಚಿ ಕಿರುಗುಟ್ಟಿತು. ಅರ್ಧ ಎದ್ದ ಸತ್ಯಾ ಅಲ್ಲೇ ನಿಂತಳು.

“ಅಪ್ಪಾ... ಆವತ್ತು ನಂಬರ್ ಹೇಳ್ವಾಗ್ಲೂ ನಾನು ನಿನ್ನ ಕುರ್ಚಿಲಿ ಕೂತಿದ್ದೆ ಅಂತ, ಫೋನ್ ಕಿವೀಲಿಟ್ಕೊಂಡೇ ನಂಗೆ ಹಿಂಗೇ ಅಂದಿದ್ದೆ.”